ಅರ ಹಾಕಬಾರದ ಜಾಗ

ಡೋರೀನ್ ಮಾಲ್ಟ್‌ಬಿ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ತಂದಳು,
ಬಿಸಿ ರೊಟ್ಟಿ ತಂದ ಹಾಗೆ.
ಕೋಟಿನ ಜೇಬಿನಿಂದ, ಬಸ್ ಟಿಕೆಟಿನ ಮಡಿಕೆಯೊಳಗಿಂದ,
ಬೆರಳುದ್ದದ ಹಸಿರು ಪಟ್ಟಿ ತೆಗೆದಳು.
ಕ್ಲೀಥೋರ್ಪ್ಸ್‌ನ ಭಾನುವಾರದ ಸಂತೆಯಲ್ಲಿ, ಕಾರಿನ ಡಿಕ್ಕಿಯಿಂದ,
ಒಂದೇ ಕಿವಿಗೆ ನಾಲ್ಕು ರಿಂಗು ಹಾಕಿದ ಹುಡುಗ ಮಾರಿದನಂತೆ.
ಹನ್ನೆರಡು ಪೌಂಡು. ಚೌಕಾಸಿ ಮಾಡಿ ಹತ್ತು.
"ಎಲ್ಲದಕ್ಕೂ ಆಗುತ್ತೆ ಅಂದ. ನೀನು ಕೂರಿಸಿಕೊಡು, ಮಲ್."

ನಾನು ಹಲ್ಲುಸೆಟ್ಟು ಮಾಡುವವನು.
ಹಿತ್ತಲಿನ ಶೆಡ್ಡೇ ನನ್ನ ಲ್ಯಾಬು;
ಗ್ರಿಮ್ಸ್‌ಬಿಯ ಎಷ್ಟೋ ಮುದುಕರು ನನ್ನ ಹಲ್ಲಿನಲ್ಲಿ ಮೀನು ಅಗಿಯುತ್ತಾರೆ.
ಇದು ನನ್ನ ಕಸುಬಲ್ಲ ಎಂದೆ.
ಇಷ್ಟು ಸಣ್ಣ ಸ್ಕ್ರೂಡ್ರೈವರ್ ಇರುವವನು
ಈ ಬೀದಿಗೆಲ್ಲ ನೀನೊಬ್ಬನೇ ಎಂದಳು.

ತಳದ ಚೀಟಿಯಲ್ಲಿ ಮಾಡೆಲ್ ನಂಬರಿನ ಕೊನೆಯ ಅಂಕಿಗಳನ್ನು
ಹತ್ತು ಚಳಿಗಾಲ ಅವಳ ತೊಡೆ ಉಜ್ಜಿ ಅಳಿಸಿತ್ತು.
ಇನ್ನು ಬಾಯಿ ತೆರೆಸಿಯೇ ನೋಡಬೇಕು.
ಹನ್ನೊಂದು ಸ್ಕ್ರೂ. ಕೊನೆಯದು ರಬ್ಬರ್ ಪಾದದಡಿ ಅಡಗಿತ್ತು,
ಬುದ್ಧಿಹಲ್ಲಿನ ಹಾಗೆ.
ಒಳಗೆ ಬೆಕ್ಕಿನ ಕೂದಲು, ಒಂದು ಬೀಟ್‌ರೂಟ್ ಬೀಜ,
ಮತ್ತು ಗಿರಗಿರ ತಿರುಗಿ ದಣಿದ ಹಳೆಯ ಡಿಸ್ಕು.
ಅದರ ಹೊಟ್ಟೆಯಲ್ಲಿ ತರಕಾರಿ ಪಾತಿಗಾಗಿ ಕಾಯುವವರ ಪಟ್ಟಿ
(ಸಂಘದ ಕಾರ್ಯದರ್ಶಿ ಅವಳೇ),
ಮೂವತ್ತೊಂದು ಹೆಸರು. ನನ್ನದು ಹದಿನೇಳನೆಯದು.
ಪಟ್ಟಿ ತೆರೆಯುವಷ್ಟರಲ್ಲಿ ಆಲೂಗಡ್ಡೆ ಬೇಯುತ್ತದೆ.

ಮೊದಲು ಉದ್ದ ಅಳೆದೆ: ಎಂಬತ್ತು ಮಿಲಿಮೀಟರು.
ಗೂಡು ಒಪ್ಪಿತು. ಆಚೆ ತುದಿಯ ಸ್ಕ್ರೂ ತೂತೂ ಸರಿ.
ಡೋರೀನ್ ಆಗಲೇ ಕೆಟಲ್ ಹಾಕಲು ಎದ್ದಿದ್ದಳು.

ಆಮೇಲೆ ಕಚ್ಚು.
ಪಟ್ಟಿಯ ತುದಿಗೆ ಚಿನ್ನದ ಹಲ್ಲಿನ ಸಾಲು, ಸಾಲಿನಲ್ಲೊಂದು ಸಂದು, ಬಲಕ್ಕೆ.
ಗೂಡಿನ ಒಳಗೊಂದು ದಿಣ್ಣೆ, ಎಡಕ್ಕೆ.
ಭೂತಗನ್ನಡಿ ಹಿಡಿದೆ. ಪಟ್ಟಿಯನ್ನು ಮಗುಚಿದೆ.
ಮಗುಚಿದರೆ ಸಂದು ದಿಣ್ಣೆಯ ಹತ್ತಿರಕ್ಕೇ ಬಂತು,
ಇನ್ನೇನು ಎನ್ನುವಷ್ಟು ಹತ್ತಿರ,
ಕೂದಲೆಳೆಯಲ್ಲಿ ತಪ್ಪಿತು.

"ಒಂದಿಷ್ಟು ಅರ ಹಾಕು" ಎಂದಳು,
ಮೂವತ್ತು ವರ್ಷ ಬಂದರಿನಲ್ಲಿ ಹ್ಯಾಡಕ್ ಸೀಳಿದ ಕೈ ಚಾಚಿ.
"ಊರಿನವರ ಹಲ್ಲೆಲ್ಲ ಉಜ್ಜಿ ಉಜ್ಜಿ ಕೂರಿಸುತ್ತೀಯಲ್ಲ!"

ನಿಜ, ಉಜ್ಜುವುದೇ ನನ್ನ ಅನ್ನ.
ನೀಲಿ ಕಾಗದ ಕಚ್ಚಿಸಿ, ಬಣ್ಣ ಹತ್ತಿದ ಕಡೆ ಅರ ಆಡಿಸಿ,
ಮತ್ತೆ ಕಚ್ಚಿಸಿ.
ದವಡೆ ಅಷ್ಟಿಷ್ಟು ಸಹಿಸುತ್ತದೆ. ನಾಲಿಗೆ
ಮೊದಲ ವಾರ ಬೈದು ಎರಡನೆಯ ವಾರ ಮರೆಯುತ್ತದೆ.
ಆದರೆ ಈ ಸಂದು ಸವೆತವಲ್ಲ ಡೋರೀನ್, ಸೂಚನೆ.
ನಾನು ಆಡುವ ಮಾತೇ ಬೇರೆ ಎಂದು
ಮಾಡಿದವರೇ ಕೆತ್ತಿಟ್ಟದ್ದು.
ಅರ ಹಾಕಿದರೆ ಒಳಗೆ ಹೋದೀತು. ಕೂತೂ ಕೂತೀತು.
ಮತ್ತೆ ಮೂಕ.
ಇಲ್ಲವೇ ಸುಟ್ಟ ವಾಸನೆ.

ಟಿಕೆಟಿನ ಬೆನ್ನಿಗೆ ಚಿತ್ರ ಬರೆದುಕೊಟ್ಟೆ:
ಎರಡು ಸಂದಿನ ಪಟ್ಟಿ, ಎಡಕ್ಕೊಂದು ಬಲಕ್ಕೊಂದು.
ಕೆಳಗೆ 'ಸಾಟಾ' ಎಂದು ಬರೆದು ಗೆರೆ ಎಳೆದೆ,
ಯಾಕೆಂದರೆ ಎರಡು ಸಂದಿದ್ದೂ ಸುಳ್ಳಾಡುವವು ಉಂಟು.
ಎಷ್ಟು ಹಿಡಿಸುತ್ತದೆ ಎಂದು ಕೊನೆಗೆ ಕೇಳು,
ಮೊದಲು ಇದನ್ನು ತೋರಿಸು.

ಚಿತ್ರವನ್ನು ದೂರ ಹಿಡಿದು ನೋಡಿದಳು.
"ನನ್ನ ಸ್ವಂತ ಹಲ್ಲು ಹೀಗೇ ಇತ್ತು" ಎಂದು
ನಾನು ಮಾಡಿದ ಹಲ್ಲಿನಲ್ಲಿ ನಕ್ಕಳು.
"ಹಾಗಾದರೆ ನನ್ನ ಹತ್ತು ಪೌಂಡು?"
ಕೆಟ್ಟಿಲ್ಲ ಅದು. ಅದರ ಬಾಯಿ ಬೇರೆಲ್ಲೋ ಇದೆ.
"ನನ್ನ ಪಟ್ಟಿಯಲ್ಲಿ ಅದನ್ನೂ ಬರೆದುಕೊಳ್ಳಲಾ?
ಮೂವತ್ತೆರಡು."

ಮುಚ್ಚುವಾಗ ಹತ್ತೇ ಸ್ಕ್ರೂ ಸಿಕ್ಕವು.
ಅವಳಿಗೆ ಹೇಳಲಿಲ್ಲ.

ಬೆಳಿಗ್ಗೆ ದೀಪ ಹಾಕಿದರೆ,
ಸೋಮವಾರ ಕೊಡಬೇಕಿದ್ದ ಯಾರದೋ ಗುಲಾಬಿ ಮೇಣದ ಒಸಡಿನಲ್ಲಿ,
ಕೋರೆಹಲ್ಲಿನ ಜಾಗದಲ್ಲಿ,
ಹನ್ನೊಂದನೆಯದು ನೆಟ್ಟಗೆ ನಿಂತಿತ್ತು.
ಅಲ್ಲಾಡಿಸಿ ನೋಡಿದೆ.
ಎಷ್ಟು ಚೆನ್ನಾಗಿ ಹಿಡಿದಿತ್ತು!